ಲಾಟರಿ ನಂಬರ್ ಆರಿಸುವುದು ಹೇಗೆ, ಬಹುಮಾನ ಬಂದರೆ ಮುಂದೇನು? ಮುಂಬಯಿ, ಪುಣೆ, ಗೋವಾದಲ್ಲಿರುವವರು ತಿಳಿಸಿ

ಕೇಳಿದವರು, ಡೊಂಬಿವಲಿ

ಧಾರವಾಡದಿಂದ ನಮ್ಮ ಮಾವನವರು ಬಂದಿದ್ದಾರೆ, ನಿವೃತ್ತರು. ಕರ್ನಾಟಕದಲ್ಲಿ 2007ರಿಂದ ಲಾಟರಿ ಬಂದ್. ಇಲ್ಲಿ ಸ್ಟೇಷನ್ ಹೊರಗೆ ಸಾಲುಸಾಲಾಗಿ ನೇತುಹಾಕಿದ ಟಿಕೆಟ್ ನೋಡಿ ಅವರಿಗೆ ಆಸೆಯಾಗಿದೆ. ತಿಂಗಳಿಗೆ 500 ರೂಪಾಯಿ, ಅದಕ್ಕಿಂತ ಒಂದು ಪೈಸೆಯೂ ಹೆಚ್ಚಿಲ್ಲ ಎಂದು ಅವರೇ ಹೇಳಿದ್ದಾರೆ. ಯಾವ ನಂಬರ್ ಆರಿಸಬೇಕು? ಒಂದೇ ನಂಬರಿನ 'ಸೆಟ್' ಒಳ್ಳೆಯದೇ? ಹಣ ಬಂದರೆ ಎಲ್ಲಿಗೆ ಹೋಗಬೇಕು, ಟ್ಯಾಕ್ಸ್ ಎಷ್ಟು ಹೋಗುತ್ತದೆ? ಗೊತ್ತಿದ್ದವರು ಬಿಡಿಸಿ ಬರೆಯಿರಿ.

ಮಾಟುಂಗಾದಿಂದ

ಮೊದಲು ಒಂದು ಮಾತು ಸ್ಪಷ್ಟವಾಗಲಿ. ಸ್ಟಾಲಿನಲ್ಲಿ ಸಿಗುವುದು ಪೇಪರ್ ಲಾಟರಿ. ನಂಬರ್ ಅಚ್ಚಾಗಿಯೇ ಬಂದಿರುತ್ತದೆ, ನೀವು ಮಾಡುವುದು ಅಲ್ಲಿರುವುದರಲ್ಲಿ ಒಂದನ್ನು ಎತ್ತಿಕೊಳ್ಳುವುದು ಅಷ್ಟೇ. ಆದ್ದರಿಂದ ನಂಬರಿಗಿಂತ ಮೊದಲು ಟಿಕೆಟನ್ನೇ ಓದುವುದು ಕಲಿಯಬೇಕು.

ಮಹಾರಾಷ್ಟ್ರ ರಾಜ್ಯ ಲಾಟರಿ 1969ರಿಂದ ನಡೆಯುತ್ತಿದೆ. ಟಿಕೆಟ್ ಮೇಲಿನ ಬರಹ ಮರಾಠಿಯಲ್ಲಿರುತ್ತದೆ. 'ಸೋಡತ್' ಎಂದರೆ ಡ್ರಾ, 'ಮಾಲಿಕಾ' ಎಂದರೆ ಸೀರೀಸ್ (ನಂಬರಿನ ಜೊತೆ ಅಚ್ಚಾಗುವ ಗುಂಪಿನ ಗುರುತು), 'ಕ್ರಮಾಂಕ' ಎಂದರೆ ನಂಬರ್, 'ಬಕ್ಷೀಸ್' ಎಂದರೆ ಬಹುಮಾನ. ದುಡ್ಡು ಕೊಡುವ ಮೊದಲು ಸೋಡತ್ ತಾರೀಖು ನೋಡಿ. ಡ್ರಾ ಮುಗಿದ ಟಿಕೆಟ್ ಬಂಡಲಿನಲ್ಲಿ ಉಳಿದಿರಬಹುದು, ತಾರೀಖು ತಿದ್ದಿ ಮಾರುವವರೂ ಇದ್ದಾರೆ. ರಾಜ್ಯದ ಹೆಸರು ಮತ್ತು ಲಾಂಛನ ಇರಲೇಬೇಕು, 1998ರ ಲಾಟರಿ ಕಾಯ್ದೆ ಅದನ್ನು ಕಡ್ಡಾಯ ಮಾಡಿದೆ. ನಂಬರಿನ ಮೇಲೆ ಬೆರಳು ಆಡಿಸಿ ನೋಡಿ. ಅಂಟಿಸಿದ್ದು, ಕೆರೆದದ್ದು ಬೆರಳಿಗೆ ಗೊತ್ತಾಗುತ್ತದೆ.

ಪ್ರತಿದಿನ ಬೇರೆ ಬೇರೆ ಹೆಸರಿನ ಟಿಕೆಟ್ ಯಾಕೆ ಎಂದು ಮಾವನವರು ಕೇಳಬಹುದು. ಅದೇ ಕಾಯ್ದೆಯ ಪ್ರಕಾರ ಒಂದು ಲಾಟರಿಗೆ ವಾರಕ್ಕೆ ಒಂದೇ ಡ್ರಾ. ಹಾಗಾಗಿ ವಾರದ ಒಂದೊಂದು ದಿನಕ್ಕೆ ಒಂದೊಂದು ಹೆಸರು. ಬಂಪರ್ (ದೊಡ್ಡ ಬಹುಮಾನದ ವಿಶೇಷ ಡ್ರಾ) ಮಾತ್ರ ವರ್ಷಕ್ಕೆ ಆರಕ್ಕಿಂತ ಹೆಚ್ಚು ಇರುವಂತಿಲ್ಲ. ಗಣಪತಿ, ದೀಪಾವಳಿ ಹೊತ್ತಿಗೆ ಬರುವುದು ಅವೇ.

ಚೆಂಬೂರಿನಿಂದ

ನಂಬರ್ ವಿಷಯಕ್ಕೆ ಬರುತ್ತೇನೆ. ಕೂಡಿದರೆ 9 ಬರುವ ನಂಬರು, ಮನೆ ನಂಬರು, ಕಳೆದ ವಾರ ಗೆದ್ದ ನಂಬರಿನ ಪಕ್ಕದ್ದು, ಇದಾವುದರಿಂದಲೂ ಗೆಲ್ಲುವ ಸಂಭವ ಒಂದು ಕೂದಲೆಳೆಯಷ್ಟೂ ಏರುವುದಿಲ್ಲ. 111111 ಎಂಬ ಟಿಕೆಟನ್ನು ಯಾರೂ ಎತ್ತುವುದಿಲ್ಲ, ಅದು ಸ್ಟಾಲಿನಲ್ಲೇ ಉಳಿಯುತ್ತದೆ. ಆದರೆ 483907ಕ್ಕೆ ಎಷ್ಟು ಅವಕಾಶವೋ ಅದಕ್ಕೂ ಅಷ್ಟೇ. ಯಂತ್ರಕ್ಕೆ ಹಿಂದಿನ ಡ್ರಾ ನೆನಪಿರುವುದಿಲ್ಲ. ಬಲ್ಗೇರಿಯಾದ ಲಾಟರಿಯಲ್ಲಿ 2009ರ ಸೆಪ್ಟೆಂಬರ್ 6ರಂದು ಬಂದ 4, 15, 23, 24, 35, 42 ಎಂಬ ಆರು ನಂಬರೇ ಸೆಪ್ಟೆಂಬರ್ 10ರ ಡ್ರಾದಲ್ಲಿ ಮತ್ತೆ ಬಂದವು. 'ಮೊನ್ನೆ ಬಂದದ್ದು ಇವತ್ತು ಬರೋಲ್ಲ' ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಇಲ್ಲ.

ಈಗ ಸೆಟ್. ಸೆಟ್ ಎಂದರೆ ಸೀರೀಸ್ ಬೇರೆ, ಕೊನೆಯ ನಾಲ್ಕು ಅಂಕಿ ಒಂದೇ. ಸಣ್ಣ ಬಹುಮಾನಗಳನ್ನು ಸಾಮಾನ್ಯವಾಗಿ ಕೊನೆಯ ನಾಲ್ಕು ಅಂಕಿ ನೋಡಿ ಕೊಡುವುದರಿಂದ ಇದು ಮುಖ್ಯ. ಲೆಕ್ಕ ಹೀಗಿದೆ. 500 ರೂಪಾಯಿ ಬಹುಮಾನಕ್ಕೆ ಹತ್ತು ನಾಲ್ಕಂಕಿ ನಂಬರ್ ಎತ್ತುತ್ತಾರೆ ಎಂದುಕೊಳ್ಳಿ. ಒಟ್ಟು ನಾಲ್ಕಂಕಿ ನಂಬರುಗಳು 10,000.

ಐದು ಟಿಕೆಟಿನ ಸೆಟ್ ತಗೊಂಡರೆ ನಿಮ್ಮ ಕೈಯಲ್ಲಿರುವುದು ಒಂದೇ ನಾಲ್ಕಂಕಿ. ಹೊಡೆಯುವ ಸಂಭವ 1,000ಕ್ಕೆ 1, ಹೊಡೆದರೆ 2,500 ರೂಪಾಯಿ. ಅದೇ ಐದು ಟಿಕೆಟ್ ಬೇರೆ ಬೇರೆ ಕೊನೆಯಂಕಿಯದಾದರೆ ಸಂಭವ 200ಕ್ಕೆ 1, ಹೊಡೆದರೆ 500. ಸರಾಸರಿ ಎರಡರಲ್ಲೂ ಒಂದೇ, ಎರಡೂವರೆ ರೂಪಾಯಿ. ಮೊದಲ ಬಹುಮಾನದ ಸಂಭವವೂ ಎರಡರಲ್ಲೂ ಒಂದೇ, ಯಾಕೆಂದರೆ ಅದಕ್ಕೆ ಸೀರೀಸ್ ಸಮೇತ ಪೂರ್ತಿ ನಂಬರ್ ಹೊಂದಬೇಕು. ತಿಂಗಳಿಗೆ 500ರ ಮಿತಿ ಇಟ್ಟುಕೊಂಡವರು ಸೆಟ್ ಬಿಟ್ಟು ಹರಡಿಕೊಂಡು ತಗೊಳ್ಳುವುದು ನನ್ನ ಪ್ರಕಾರ ಸರಿ. ಆಗೊಮ್ಮೆ ಈಗೊಮ್ಮೆ ಒಂದಿಷ್ಟು ವಾಪಸು ಬರುತ್ತದೆ. ಸೆಟ್ಟಿನಲ್ಲಿ ತಿಂಗಳುಗಟ್ಟಲೆ ಏನೂ ಬರುವುದಿಲ್ಲ, ಆಗ ಜನ ರೊಚ್ಚಿಗೆ ಬಿದ್ದು ಮಿತಿ ಮೀರುತ್ತಾರೆ.

ನಂಬರಿಗಿಂತ ಯೋಜನೆಯನ್ನು ಆರಿಸುವುದರಲ್ಲಿ ಬುದ್ಧಿ ಓಡಿಸಿ. ಎಷ್ಟು ಟಿಕೆಟ್ ಅಚ್ಚು ಹಾಕಿದ್ದಾರೆ, ಯಾವ ಬಹುಮಾನ ಎಷ್ಟು ಎಂಬ ಪಟ್ಟಿ ಇರುತ್ತದೆ, ಅದನ್ನು ಕೇಳಿ ನೋಡಿ. ಲೆಕ್ಕ ಕಲಿಯಲು ಒಂದು ಕಲ್ಪಿತ ಪಟ್ಟಿ ತಗೊಳ್ಳೋಣ: 100 ರೂಪಾಯಿಯ 5 ಲಕ್ಷ ಟಿಕೆಟ್, ಅಂದರೆ 5 ಕೋಟಿ. ಮೊದಲನೆಯದು 1 ಕೋಟಿ. 5 ಲಕ್ಷದ ಐದು. 10,000ದ ಐವತ್ತು. 1,000ದ ಐದು ಸಾವಿರ. 200ರ ಹತ್ತು ಸಾವಿರ. ಕೂಡಿದರೆ ಸರಿಯಾಗಿ 2 ಕೋಟಿ. ಅಂದರೆ 100 ಹಾಕಿದರೆ ಸರಾಸರಿ 40 ವಾಪಸು. ಆ 40ರಲ್ಲೂ 20 ರೂಪಾಯಿ ಒಬ್ಬನೇ ಒಬ್ಬ ಕೋಟಿ ಗೆದ್ದವನ ಪಾಲು. ಉಳಿದವರೆಲ್ಲ ಸೇರಿ ಹಂಚಿಕೊಳ್ಳುವುದು ನೂರಕ್ಕೆ 20. ನೂರು ಟಿಕೆಟಿನಲ್ಲಿ 97ಕ್ಕೆ ಏನೂ ಇಲ್ಲ. ಯಾವುದೇ ಟಿಕೆಟಿನ ಪಟ್ಟಿ ಸಿಕ್ಕರೂ ಹೀಗೆಯೇ ಹತ್ತು ನಿಮಿಷ ಕೂತು ಕೂಡಿ, ಎರಡು ಯೋಜನೆ ಹೋಲಿಸಿ.

ಇನ್ನೊಂದು ಮಾತು. 'ಮೊದಲ ಬಹುಮಾನ ಮಾರಾಟವಾದ ಟಿಕೆಟ್‌ಗಳಿಂದಲೇ' ಎಂದು ಬರೆದಿದೆಯೇ ನೋಡಿ. ಹಾಗೆ ಬರೆದಿಲ್ಲದಿದ್ದರೆ ಡ್ರಾ ಆದ ನಂಬರು ಮಾರದೇ ಉಳಿದ ಟಿಕೆಟಿನದೂ ಆಗಬಹುದು, ಆಗ ದೊಡ್ಡ ಬಹುಮಾನ ಯಾರಿಗೂ ಇಲ್ಲ. ಬಂಪರ್ ಕೊಳ್ಳುವಾಗ ಈ ಒಂದು ಸಾಲಿಗೆ ಬೆಲೆ ಬಹಳ.

ಪುಣೆಯಿಂದ

ನೋಡ್ರಿ, ಟಪರಿ ಮುಂದ ಯಾರಾದ್ರೂ 'ಸಿಂಗಲ್, ಜೋಡಿ, ಪಾನಾ' ಅಂದ್ರ ಅದು ಲಾಟರಿ ಅಲ್ಲ, ಮಟಕಾ ಅನ್ನೋ ಅಕ್ರಮ ಜೂಜು. ನಮ್ಮ ಕಡೆ ಓಸಿ ಅಂತಾರಲ್ಲ, ಅದೇ. ಒಂದಂಕಿ ಮ್ಯಾಲೆ ಬಹುಮಾನ ಕೊಡೂದಕ್ಕ ಕಾಯ್ದೆದಾಗ ಅವಕಾಶನ ಇಲ್ಲ. ಹದಿನೈದು ನಿಮಿಷಕ್ಕೊಂದು ಡ್ರಾ ಅಂತ ಟಿವಿ ಹಚ್ಚಿ ಕೂತಿರೋ ಅಂಗಡಿ ಹತ್ರಾನೂ ಹೋಗಬ್ಯಾಡ್ರಿ. ಚೀಟಿ ಮ್ಯಾಲೆ ಸರ್ಕಾರದ ಹೆಸರಿಲ್ಲ ಅಂದ್ರ ಗೆದ್ರೂ ಕೇಳಾಕ ಜಾಗ ಇಲ್ಲ, ಮ್ಯಾಲೆ ಪೊಲೀಸ್ ಕೇಸ್ ಬ್ಯಾರೆ.

ವಾಶಿಯಿಂದ

ಟಿಕೆಟ್ ಕೊಂಡ ತಕ್ಷಣ ಮಾಡಬೇಕಾದ ಕೆಲಸ: ಹಿಂಬದಿಯಲ್ಲಿ ಹೆಸರು, ವಿಳಾಸ, ಸಹಿ. ಬಾಲ್ ಪೆನ್ನಿನಲ್ಲಿ. ಜೆಲ್ ಪೆನ್ನಿನ ಶಾಯಿ ಮಳೆಗಾಲದಲ್ಲಿ ಹರಡಿ ಮುಂಬದಿಯ ನಂಬರಿಗೂ ತಾಗುತ್ತದೆ. ಸಹಿ ಇಲ್ಲದ ಟಿಕೆಟ್ ಯಾರ ಕೈಯಲ್ಲಿದೆಯೋ ಅವರದ್ದೇ ಎಂದು ತಿಳಿಯಿರಿ. ಎರಡೂ ಬದಿಯ ಫೋಟೋ ತೆಗೆದಿಡಿ. ಸ್ಟೇಪಲ್ ಹೊಡೆಯಬೇಡಿ, ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಮೆಷಿನ್‌ನಿಂದ ಬರುವ ಥರ್ಮಲ್ ಚೀಟಿಯಾದರೆ ಲ್ಯಾಮಿನೇಷನ್ ಬಿಸಿಗೆ ಇಡೀ ಕಾಗದ ಕಪ್ಪಾಗುತ್ತದೆ. ಸಾದಾ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಪುಸ್ತಕದ ನಡುವೆ ಇಡಿ.

ಫಲಿತಾಂಶ ನೋಡಲು ಸ್ಟಾಲಿನವರ ಕೈಗೆ ಟಿಕೆಟ್ ಕೊಡಬೇಡಿ. ಅತ್ಯಂತ ಸಾಮಾನ್ಯವಾದ ಮೋಸ ಇದೇ: 'ಏನೂ ಬಂದಿಲ್ಲ ಕಾಕಾ' ಎಂದು ಹೇಳಿ ಟಿಕೆಟನ್ನು ಡಬ್ಬಕ್ಕೆ ಹಾಕಿಕೊಳ್ಳುವುದು, ಆಮೇಲೆ ಬಹುಮಾನ ತಾವೇ ತಗೊಳ್ಳುವುದು. ಟಿಕೆಟ್ ನಿಮ್ಮ ಕೈಯಲ್ಲೇ ಇರಲಿ, ಪಟ್ಟಿ ನೀವೇ ಓದಿ. ಮರಾಠಿ ಪತ್ರಿಕೆಯಲ್ಲಿ ಫಲಿತಾಂಶ ನೋಡುವಾಗ ಅಂಕಿಗಳ ಬಗ್ಗೆ ಎಚ್ಚರ. ದೇವನಾಗರಿಯ 1 ಮತ್ತು 9 ಮಸುಕು ಅಚ್ಚಿನಲ್ಲಿ ಒಂದೇ ಥರ ಕಾಣುತ್ತವೆ. ಕನ್ನಡ ಅಂಕಿ ರೂಢಿಯಾದ ಕಣ್ಣಿಗಂತೂ ಇನ್ನೂ ಕಷ್ಟ. ಲಾಟರಿ ಇಲಾಖೆಯ ಸರ್ಕಾರಿ ಜಾಲತಾಣದಲ್ಲಿ ಇನ್ನೊಮ್ಮೆ ತಾಳೆ ನೋಡಿಯೇ ಟಿಕೆಟ್ ಹರಿಯಿರಿ. ಮೊದಲ ಬಹುಮಾನ ನೋಡಿ ಬಿಟ್ಟುಬಿಡುವವರು ಬಹಳ. ಕೊನೆಯ ನಾಲ್ಕಂಕಿಯ ಉದ್ದನೆಯ ಪಟ್ಟಿ ಪೂರ್ತಿ ನೋಡಬೇಕು.

ಸಣ್ಣ ಬಹುಮಾನ ಸ್ಟಾಲಿನಲ್ಲೇ ಸಿಗುತ್ತದೆ. ದೊಡ್ಡದಕ್ಕೆ ಇಲಾಖೆಗೇ ಅರ್ಜಿ, ಮಹಾರಾಷ್ಟ್ರದ್ದಾದರೆ ಕಚೇರಿ ಇಲ್ಲೇ ವಾಶಿಯಲ್ಲಿ. ಅಸಲು ಟಿಕೆಟ್, ಪ್ಯಾನ್, ಆಧಾರ್, ಫೋಟೋ, ಬ್ಯಾಂಕ್ ಪಾಸ್‌ಬುಕ್ ಇಟ್ಟುಕೊಳ್ಳಿ. ಪ್ಯಾನ್, ಆಧಾರ್, ಪಾಸ್‌ಬುಕ್ ಮೂರರಲ್ಲೂ ಹೆಸರು ಒಂದೇ ಥರ ಇರಬೇಕು. ನಮ್ಮವರ ಹೆಸರಿನಲ್ಲಿ ತಂದೆಯ ಹೆಸರು, ಅಡ್ಡಹೆಸರು ಹಿಂದೆಮುಂದೆ ಆಗಿರುವುದೇ ಹೆಚ್ಚು, ಕ್ಲೇಮು ನಿಲ್ಲುವುದು ಅಲ್ಲೇ. ಕ್ಲೇಮಿನ ಗಡುವು ಟಿಕೆಟ್ ಹಿಂದೆ ಅಚ್ಚಾಗಿರುತ್ತದೆ. ದಾಟಿದರೆ ಹಣ ಸರ್ಕಾರಕ್ಕೆ. ಟಿಕೆಟ್ ಕೊಡುವಾಗ ಸ್ವೀಕೃತಿ ಚೀಟಿ ತಗೊಳ್ಳದೆ ಕೌಂಟರ್ ಬಿಡಬೇಡಿ.

ನಾಲ್ಕೈದು ಜನ ಸೇರಿ ಕೊಳ್ಳುವುದಾದರೆ ಡ್ರಾಗೆ ಮೊದಲೇ 500 ರೂಪಾಯಿ ಬಾಂಡ್ ಪೇಪರಿನಲ್ಲಿ ಸೀರೀಸ್, ನಂಬರ್, ಯಾರ ಪಾಲು ಎಷ್ಟು ಎಂದು ಬರೆದು ಎಲ್ಲರೂ ಸಹಿ ಹಾಕಿ. ಬಾಯಿಮಾತಿನ ಪಾಲುದಾರಿಕೆ ಬಹುಮಾನ ಬಂದ ದಿನವೇ ಮುರಿಯುತ್ತದೆ. ಸಣ್ಣ ಟಿಕೆಟಿಗೆ ಬಾಂಡ್ ದುಬಾರಿಯಾಯಿತು ಅನ್ನಿಸಿದರೆ ಎಲ್ಲರಿಗೂ ಕಾಣುವ ವಾಟ್ಸಾಪ್ ಗ್ರೂಪಿನಲ್ಲಿ ಟಿಕೆಟ್ ಫೋಟೋ ಹಾಕಿ, ಪಾಲು ಬರೆದು, ಪ್ರತಿಯೊಬ್ಬರಿಂದ 'ಒಪ್ಪಿಗೆ' ಬರೆಸಿಕೊಳ್ಳಿ.

ಮುಲುಂಡ್‌ನಿಂದ, ಟ್ಯಾಕ್ಸ್ ಬಗ್ಗೆ

ಬಹುಮಾನ 10,000 ರೂಪಾಯಿ ದಾಟಿದರೆ 30 ಪ್ರತಿಶತ ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ತೆರಿಗೆ) ಹಿಡಿದೇ ಕೊಡುತ್ತಾರೆ. ದಾಟದಿದ್ದರೆ ಹಿಡಿಯುವುದಿಲ್ಲ, ಆದರೆ ತೆರಿಗೆ ಕಟ್ಟುವ ಹೊಣೆ ನಿಮ್ಮದೇ. 'ನನ್ನ ಪೆನ್ಷನ್ ಕಡಿಮೆ, ರಿಟರ್ನ್ ಹಾಕಿದರೆ ವಾಪಸು ಬರುತ್ತೆ' ಎಂದು ಹಿರಿಯರು ನಂಬಿರುತ್ತಾರೆ. ಲಾಟರಿ ಹಣಕ್ಕೆ ಮೂಲ ವಿನಾಯಿತಿ ಮಿತಿ ಅನ್ವಯಿಸುವುದಿಲ್ಲ. ಎಲ್‌ಐಸಿ, ಪಿಪಿಎಫ್ ಕಡಿತವೂ ಇಲ್ಲ. ವರ್ಷವಿಡೀ ಕೊಂಡ ಟಿಕೆಟಿನ ಖರ್ಚನ್ನೂ ಕಳೆಯುವಂತಿಲ್ಲ.

5 ಲಕ್ಷ ಬಂದರೆ 1,50,000 ಟಿಡಿಎಸ್. ಅದರ ಮೇಲೆ 4 ಪ್ರತಿಶತ ಸೆಸ್, ಅಂದರೆ 6,000 ರೂಪಾಯಿ, ನೀವು ಆಮೇಲೆ ಕಟ್ಟಬೇಕು. ಬಹುಮಾನ ದೊಡ್ಡದಾದಷ್ಟೂ ಈ 'ಆಮೇಲೆ'ಯೂ ದೊಡ್ಡದು. 60 ಲಕ್ಷ ಬಂತೆನ್ನಿ: ಟಿಡಿಎಸ್ 18 ಲಕ್ಷ. ಆದಾಯ 50 ಲಕ್ಷ ದಾಟಿದ್ದರಿಂದ 10 ಪ್ರತಿಶತ ಸರ್‌ಚಾರ್ಜ್, 1,80,000. ಎರಡರ ಮೇಲೂ ಸೆಸ್, 79,200. ಟಿಡಿಎಸ್ ಹೋದಮೇಲೂ 2,59,200 ರೂಪಾಯಿ ಕಟ್ಟುವುದು ಉಳಿಯಿತು. ಆ ಮೊತ್ತವನ್ನು ಹಣ ಕೈಗೆ ಬಂದ ದಿನವೇ ಬೇರೆ ಎಫ್‌ಡಿಯಲ್ಲಿ ಇಡಿ.

60 ವರ್ಷ ದಾಟಿದವರಿಗೆ ವ್ಯಾಪಾರದ ಆದಾಯ ಇಲ್ಲದಿದ್ದರೆ ಅಡ್ವಾನ್ಸ್ ಟ್ಯಾಕ್ಸ್ ಕಟ್ಟುವ ಅಗತ್ಯವಿಲ್ಲ, ರಿಟರ್ನ್ ಹಾಕುವ ಮೊದಲು ಕಟ್ಟಿದರೆ ಸಾಕು. ಮಾವನವರಿಗೆ ಇದು ಅನುಕೂಲ. ಇದೇ ಟಿಕೆಟ್ ಅಳಿಯಂದಿರ ಹೆಸರಲ್ಲಿದ್ದರೆ ಆ ವರ್ಷ ಉಳಿದಿರುವ ಅಡ್ವಾನ್ಸ್ ಟ್ಯಾಕ್ಸ್ ಕಂತುಗಳಲ್ಲಿ ಕಟ್ಟಬೇಕು, ಕಂತು ಉಳಿದಿಲ್ಲದಿದ್ದರೆ ಮಾರ್ಚ್ 31ರೊಳಗೆ. ರಿಟರ್ನ್‌ಗೆ ಐಟಿಆರ್-1 ನಡೆಯುವುದಿಲ್ಲ, ಐಟಿಆರ್-2 ಬೇಕು.

ಟಿಕೆಟ್ ಬೆಲೆಯ ಒಳಗೇ ಜಿಎಸ್‌ಟಿ ಇದೆ ಎಂಬುದೂ ಗೊತ್ತಿರಲಿ. 2025ರ ಸೆಪ್ಟೆಂಬರ್ 22ರಿಂದ ಅದು 28ರಿಂದ 40 ಪ್ರತಿಶತಕ್ಕೆ ಏರಿದೆ. 100 ರೂಪಾಯಿ ಟಿಕೆಟಿನಲ್ಲಿ 28 ರೂಪಾಯಿ 57 ಪೈಸೆ ಅದಕ್ಕೇ ಹೋಗುತ್ತದೆ. ಚೆಂಬೂರಿನವರು ಹೇಳಿದ ಸರಾಸರಿ ವಾಪಸಾತಿ ಅಷ್ಟು ಕಡಿಮೆ ಯಾಕೆ ಎಂಬುದಕ್ಕೆ ಇದೂ ಕಾರಣ.

ಬಹುಮಾನ ಬಂದ ಟಿಕೆಟನ್ನು 'ಟ್ಯಾಕ್ಸ್ ಕಳೆದು ಸಿಗುವುದಕ್ಕಿಂತ ಹೆಚ್ಚು ನಗದು ಕೊಡ್ತೀವಿ, ನಮಗೆ ಕೊಡಿ' ಎಂದು ಬರುವವರು ಕಪ್ಪುಹಣ ಬಿಳಿ ಮಾಡುವವರು. ಬಾಗಿಲಲ್ಲೇ ಕಳಿಸಿ.

ಮಡಗಾಂವ್‌ನಿಂದ

ಮುಂಬಯಿ ಸ್ಟಾಲಿನಲ್ಲಿ ಗೋವಾ ಸರ್ಕಾರದ ರಾಜಶ್ರೀ ಟಿಕೆಟೂ ನೇತಾಡುತ್ತಿರುತ್ತದೆ. ಎಲ್ಲಿ ಕೊಂಡಿರಿ ಎಂಬುದು ಮುಖ್ಯವಲ್ಲ, ಯಾವ ರಾಜ್ಯದ ಟಿಕೆಟೋ ಆ ರಾಜ್ಯದ ಇಲಾಖೆಗೇ ದೊಡ್ಡ ಬಹುಮಾನದ ಕ್ಲೇಮು. ಗೋವಾದ್ದಾದರೆ ಪಣಜಿ. ವಾಶಿಗೆ ಹೋಗಿ ದಿನ ಕಳೆದುಕೊಳ್ಳಬೇಡಿ. ಕೊಳ್ಳುವಾಗಲೇ ಮೂಲೆಯ ಲಾಂಛನ ನೋಡಿಕೊಂಡರೆ ಗೊಂದಲವಿಲ್ಲ.

ಕೇಳಿದವರು, ಡೊಂಬಿವಲಿ

ಎಲ್ಲರಿಗೂ ಕೈಮುಗಿದೆ. ಇನ್ನೆರಡು ಪ್ರಶ್ನೆ. ಕೇರಳದ ಬಂಪರ್ ವಾಟ್ಸಾಪಿನಲ್ಲಿ ತರಿಸಿಕೊಡುತ್ತೇವೆ ಎಂದು ಮಾವನವರಿಗೆ ಮೆಸೇಜ್ ಬಂದಿದೆ. ಅಮೆರಿಕದ ಲಾಟರಿಯ ಆ್ಯಪ್ ಒಂದೂ ಇದೆಯಂತೆ, ಅದರಲ್ಲಿ ನಂಬರ್ ನಾವೇ ಆರಿಸಬಹುದಂತೆ.

ಚೆಂಬೂರಿನಿಂದ

ಎರಡೂ ಬೇಡ. ಕೇರಳ ಸರ್ಕಾರ ಪೇಪರ್ ಟಿಕೆಟ್ ಮಾತ್ರ ಮಾರುತ್ತದೆ, ಆನ್‌ಲೈನಿನಲ್ಲಿ ಮಾರುವುದೇ ಇಲ್ಲ. ಮಂಜೇಶ್ವರ, ಕಾಸರಗೋಡು ಕಡೆಗೆ ಹೋಗುವವರು ಅಲ್ಲಿನ ಸ್ಟಾಲಿನಲ್ಲೇ ಕೊಳ್ಳಬಹುದು, ಹೊರರಾಜ್ಯದವರಿಗೂ ಬಹುಮಾನ ಸಿಗುತ್ತದೆ. 2024ರ ತಿರುವೋಣಂ ಬಂಪರಿನ 25 ಕೋಟಿ ಬಂದದ್ದು ಮಂಡ್ಯ ಜಿಲ್ಲೆಯವರಿಗೆ. ಅಲ್ಲಿ ಏಜೆಂಟರ 10 ಪ್ರತಿಶತ ಮೊದಲು ಹೋಗಿ, ಉಳಿದ 22.5 ಕೋಟಿಯ ಮೇಲೆ ಟಿಡಿಎಸ್. ಸರ್‌ಚಾರ್ಜ್, ಸೆಸ್ ಬಿಟ್ಟರೂ ಉಳಿಯುವುದು 15.75 ಕೋಟಿ. ಕ್ಲೇಮಿಗೆ 30 ದಿನವಷ್ಟೇ, ಹಾಗಾಗಿ ಟಿಕೆಟ್ ಮುಂಬಯಿಗೆ ತಂದವರು ಡ್ರಾ ದಿನವೇ ಫಲಿತಾಂಶ ನೋಡಬೇಕು.

ವಿದೇಶಿ ಲಾಟರಿ ಟಿಕೆಟಿಗೆ ಭಾರತದಿಂದ ಹಣ ಕಳಿಸುವುದನ್ನು ಫೆಮಾ (ವಿದೇಶಿ ವಿನಿಮಯ ಕಾಯ್ದೆ) ನಿಯಮ ನೇರವಾಗಿ ನಿಷೇಧಿಸಿದೆ.  ನಂಬರ್ ನಾವೇ ಆರಿಸುವ ಲೋಟೋ ಆಟದಲ್ಲಿ ಒಂದು ಸೂಕ್ಷ್ಮ ಇದೆ, ತಿಳಿದಿರಲಿ. 49ರಲ್ಲಿ 6 ಆರಿಸುವ ಆಟದಲ್ಲಿ 1,39,83,816 ಜೋಡಣೆಗಳು, ಎಲ್ಲದಕ್ಕೂ ಸಮಾನ ಸಂಭವ. ಆದರೆ ಅಲ್ಲಿ ಮೊದಲ ಬಹುಮಾನವನ್ನು ಗೆದ್ದವರೆಲ್ಲ ಹಂಚಿಕೊಳ್ಳಬೇಕು. ಜನ ಹುಟ್ಟಿದ ತಾರೀಖು ಬರೆಯುತ್ತಾರೆ, ಚೀಟಿಯ ನಡುಭಾಗದಲ್ಲಿ ಗೀಟು ಹಾಕುತ್ತಾರೆ. ಬ್ರಿಟನ್ನಿನಲ್ಲಿ 1995ರ ಜನವರಿ 14ರಂದು 7, 17, 23, 32, 38, 42 ಬಂದಾಗ 1 ಕೋಟಿ 60 ಲಕ್ಷ ಪೌಂಡಿಗೂ ಹೆಚ್ಚಿನ ಮೊತ್ತವನ್ನು 133 ಟಿಕೆಟ್ ಹಂಚಿಕೊಂಡವು. ಒಂದಕ್ಕೆ ಸಿಕ್ಕಿದ್ದು 1,22,510 ಪೌಂಡ್. ನಂಬರ್ ಆರಿಸುವುದರಲ್ಲಿ ಜಾಣತನಕ್ಕೆ ಜಾಗ ಇರುವುದು ಇಲ್ಲಿ ಮಾತ್ರ: ಬೇರೆಯವರು ಬರೆಯದ್ದನ್ನು ಬರೆಯುವುದು. ಗೆಲ್ಲುವ ಸಂಭವ ಏರುವುದಿಲ್ಲ, ಗೆದ್ದರೆ ಪಾಲುದಾರರು ಕಡಿಮೆ. ಪೇಪರ್ ಟಿಕೆಟಿಗೆ ಇದು ಅನ್ವಯಿಸುವುದಿಲ್ಲ, ಸೀರೀಸ್ ಸಮೇತ ಪೂರ್ತಿ ನಂಬರ್ ಒಂದೇ ಟಿಕೆಟಿಗೆ ಇರುತ್ತದೆ.

ವಾಶಿಯಿಂದ

ಮಾವನವರಿಗೆ 'ನಿಮಗೆ 25 ಲಕ್ಷ ಬಂದಿದೆ, ಪ್ರೊಸೆಸಿಂಗ್ ಫೀ ಕಟ್ಟಿ' ಎಂಬ ಮೆಸೇಜೂ ಇನ್ನು ಬರಲು ಶುರುವಾಗುತ್ತದೆ. ಕೊಳ್ಳದ ಟಿಕೆಟಿಗೆ ಬಹುಮಾನವಿಲ್ಲ. ತೆರಿಗೆಯನ್ನು ಬಹುಮಾನದಲ್ಲೇ ಹಿಡಿಯುತ್ತಾರೆಯೇ ಹೊರತು ಮುಂಗಡ ಕೇಳುವುದಿಲ್ಲ. ಈಗಾಗಲೇ ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಹಣ ಮುಂದಿನ ಖಾತೆಗೆ ಜಾರುವ ಮೊದಲು ತಡೆಯಲು ಸಿಗುವುದು ಕೆಲವೇ ಗಂಟೆ. ವಹಿವಾಟಿನ ನಂಬರ್, ಸಮಯ, ಮೊತ್ತ ಬರೆದಿಟ್ಟುಕೊಂಡೇ ಕರೆ ಮಾಡಿ, ಅವರು ಮೊದಲು ಕೇಳುವುದು ಅದನ್ನೇ.