ಸಹಾಯ ಬೇಕು: ತುಮಕೂರಿಂದ ನಂದಿ ಬೆಟ್ಟಕ್ಕೆ ಡ್ರಾಪ್ ಕೇಳಿಕೊಂಡೇ ಹೋಗಬೇಕು

ನಮಸ್ಕಾರ. ನಾನು, ನನ್ನ ಭಾವಮೈದ ಬರುವ ವಾರ ತುಮಕೂರಿಂದ ಹೊರಟು ಕೊರಟಗೆರೆ, ಮಧುಗಿರಿ, ಗೌರಿಬಿದನೂರು, ಚಿಕ್ಕಬಳ್ಳಾಪುರದ ಮೇಲೆ ನಂದಿ ಬೆಟ್ಟ ಸೇರಬೇಕು ಅಂತಿದ್ದೇವೆ. ಬಸ್ ಹತ್ತಲ್ಲ, ಸಿಕ್ಕ ಗಾಡಿಗೆ ಕೈ ಅಡ್ಡ ಹಾಕೋದೇ. ಮೂರು ದಿನ, ಇಬ್ಬರಿಗೂ ಸೇರಿ 1,500 ರೂಪಾಯಿ.

ಹೋದ ಸಲ ಕೊರಟಗೆರೆ ಹತ್ತಿರ ಒಂದು ಲಗೇಜ್ ಆಟೋ ನಿಲ್ಲಿಸಿತು. ಟೊಮೇಟೊ ಕ್ರೇಟುಗಳ ಸಂದಿಯಲ್ಲಿ ಕಾಲು ಮಡಚಿಕೊಂಡು ಕೂತೆವು, ಬೆಟ್ಟಸಾಲು ನೋಡ್ತಾ ಮಜವಾಗಿತ್ತು. ಇಳಿದ ಮೇಲೆ ತಲೆಗೆ ನೂರು ಕೇಳಿದರು! ಮೊದಲೇ ಕೇಳಬೇಕಿತ್ತು, ತಪ್ಪು ನಮ್ಮದೇ ಅನ್ನಿ.

ಮಧುಗಿರಿಯ ಏಕಶಿಲಾ ಬೆಟ್ಟ ಹತ್ತಿ ಇಳಿಯುವಷ್ಟರಲ್ಲಿ ಅರ್ಧ ದಿನ ಹೋಗುತ್ತೆ, ಅಲ್ವಾ? ಕತ್ತಲಾದ ಮೇಲೆ ಡ್ರಾಪ್ ಕೇಳೋ ಧೈರ್ಯ ಇಲ್ಲ. ಅಲ್ಲಿ ಕಡಿಮೆ ದುಡ್ಡಿನ ಛತ್ರ ಇದೆಯಾ? ಬೆಳಿಗ್ಗೆ ಗೌರಿಬಿದನೂರು ಕಡೆ ಹಾಲಿನ ಗಾಡಿ ಎಲ್ಲಿ ನಿಂತರೆ ಸಿಗುತ್ತೆ? ಆ ಕಡೆಯವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.