ಅಪ್‌ಡೇಟ್: ಜಗಲಿಯ ಕಪ್ಪು ಹಲಗೆಗೆ ಬಣ್ಣ ಬಳಿಯಲಿಲ್ಲ

ಸಾಗರದ ಹತ್ತಿರದ ನಮ್ಮ ಹಳೆಯ ಹಂಚಿನ ಮನೆಯ ಜಗಲಿಯಲ್ಲಿ, ಗೋಡೆಗೆ ಎದೆಮಟ್ಟದವರೆಗೆ ಹೊದಿಸಿರುವ ಕಪ್ಪು ಹಲಗೆಗೆ ಬಿಳಿ ಬಣ್ಣ ಬಳಿಯಬಹುದೇ ಎಂದು ಕೇಳಿದ್ದೆ. ಬಳಿಯಲಿಲ್ಲ.

ಮೊದಲು ಬಾಗಿಲ ಹಿಂದಿನ ಮೂಲೆಯಲ್ಲಿ ಅಂಗೈಯಗಲ ಜಾಗವನ್ನು ಸ್ಪಿರಿಟ್ ಅದ್ದಿದ ಹತ್ತಿಬಟ್ಟೆಯಿಂದ ಉಜ್ಜಿ ನೋಡಿದೆವು. ಮೇಲ್ಪದರ ಅಂಟಂಟಾಗಿ ಕರಗಿ, ಬಟ್ಟೆಗೆ ಕಡುಕಂದು ಬಣ್ಣ ಹತ್ತಿತು. ಅಂದರೆ ಅದು ಅರಗಿನ ಪಾಲಿಷ್. ಕಪ್ಪಾಗಿದ್ದದ್ದು ಆ ಪಾಲಿಷ್ ಮತ್ತು ಅದರ ಮೇಲೆ ಕೂತ ಹೊಗೆ. ಅಡಿಯಲ್ಲಿ ಹಲಸಿನ ಮರ ಜೇನುಬಣ್ಣದಲ್ಲಿ, ನಾರಿನ ಗೆರೆಗಳ ಸಮೇತ ಹಾಗೆಯೇ ಇತ್ತು. ಅದನ್ನು ಕಂಡ ಮೇಲೆ, ಬಿಳಿ ಬಣ್ಣವೇ ಬೇಕೆಂದು ಹಟ ಹಿಡಿದಿದ್ದ ಅತ್ತಿಗೆಗೂ ಮುಚ್ಚಲು ಮನಸ್ಸು ಬರಲಿಲ್ಲ.

ಇಂಥ ಮರಕ್ಕೆ ನೇರವಾಗಿ ನೀರಿನ ಬಣ್ಣ ಬಳಿದರೆ ಮರದ ಚೊಗರು ಹಳದಿ ಕಲೆಯಾಗಿ ಮೇಲೇಳುತ್ತದೆ. ತಡೆಯಲು ಅರಗಿನ ಪ್ರೈಮರ್ ಬೇಕು. ಮುಂದೆ ಮನಸ್ಸು ಬದಲಾದರೆ ಸಂದುಗಳಿಂದ ಆ ಬಣ್ಣ ತೆಗೆಯುವುದು ಬಲು ಕಷ್ಟ.

ಆದರೂ ಕತ್ತಲೆಯೆಂಬ ಅತ್ತಿಗೆಯ ದೂರು ನ್ಯಾಯವಾದದ್ದೇ. ಮಾಡಿಗೆ ನಾಲ್ಕು ಗಾಜಿನ ಹಂಚು ಹಾಕಿಸಿ, ಹಲಗೆಯ ಮೇಲಿನ ಗೋಡೆಗೆ ಸುಣ್ಣ ಬಳಿಸಿದೆವು. ಈಗ ಮಧ್ಯಾಹ್ನ ದೀಪವಿಲ್ಲದೆ ಪತ್ರಿಕೆ ಓದಬಹುದು. ಪಕ್ಕದ ಕೋಣೆಯಲ್ಲಿ ಈಚೆಗೆ ಹೊಡೆಸಿದ್ದ ಪ್ಲೈವುಡ್‌ಗೆ ಮಾತ್ರ ಧಾರಾಳವಾಗಿ ಬಣ್ಣ ಬಳಿದೆವು. ಉಳಿಸಿಕೊಳ್ಳುವಂಥದ್ದು ಅದರಲ್ಲಿ ಏನೂ ಇರಲಿಲ್ಲ.

ಹಲಗೆಗೆ ಕೊನೆಯಲ್ಲಿ ಅಗಸೆ ಎಣ್ಣೆ ತಿಕ್ಕಿದೆವು. ಎಣ್ಣೆ ಹೀರಿದ ಬಟ್ಟೆಗಳನ್ನು ದಯವಿಟ್ಟು ಮುದ್ದೆ ಮಾಡಿ ಎಸೆಯಬೇಡಿ, ತಾವಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದು. ಹೊರಗೆ ಬಿಡಿಸಿ ಒಣಗಿಸಿ.