ಸೋಫಾ ಕಮ್ ಬೆಡ್ಡೂ ಸ್ವಿಚ್ಚೂ

ಜಗಳ ಶುರುವಾಗಿದ್ದು ಬೋಂಡದಿಂದ. ಶನಿವಾರ ಸಂಜೆ, ಕುವೆಂಪುನಗರದ ನಾಗೇಶನ ಮನೆ. ಅವನ ಸೋಫಾ ಕಮ್ ಬೆಡ್ ಮೇಲೆ ನಾಗೇಶ, ಸೀನ, ಶಂಕರಣ್ಣ, ನಾನು ಇಕ್ಕಟ್ಟಾಗಿ ಕೂತಿದ್ದೆವು. ಸೀನ ಬೋಂಡ ತಿಂದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಬ್ಯಾಗಿನಿಂದ ಸ್ವಿಚ್ ಲೈಟ್ ಅನ್ನೋ ತನ್ನ ಹಳದಿ ಬಣ್ಣದ, ಕೈಯಲ್ಲಿ ಹಿಡಿದು ಆಡೋ ವೀಡಿಯೊ ಗೇಮ್ ಯಂತ್ರ ತೆಗೆದು, ಯಾರನ್ನೂ ಕೇಳದೆ ಆಡಲು ಶುರು ಮಾಡಿದ. ಎದುರಿಗೆ 55 ಇಂಚಿನ ಟಿವಿ. ಅದರ ಕೆಳಗೆ ನಾಗೇಶನ ದೊಡ್ಡ ಸ್ವಿಚ್ಚು, ಗೂಡಿನಲ್ಲಿ ದೇವರು ಕೂತ ಹಾಗೆ ಟಿವಿಗೆ ಜೋಡಿಸೋ ಸ್ಟ್ಯಾಂಡು, ಅಂದರೆ ಡಾಕ್‌ನಲ್ಲಿ ಕೂತಿದೆ.

"ಅಲ್ಲ ಕಣೋ, ಇಷ್ಟು ದೊಡ್ಡ ಟಿವಿ ಎದುರಿಗೆ ಕೂತು ಆ ಹಪ್ಪಳದಷ್ಟು ಪರದೆ ನೋಡುತ್ತೀಯಲ್ಲ, ಮದುವೆ ಮನೆಗೆ ಬಂದು ಟಿಫನ್ ಡಬ್ಬಿ ಬಿಚ್ಚಿದ ಹಾಗಾಯಿತು" ಎಂದ ನಾಗೇಶ.

"ನಿನ್ನ ಟಿವಿ ನಿನ್ನ ಗೋಡೆ ಬಿಟ್ಟು ಬರಲ್ಲ. ನಾನು ದಿನಾ ಬೆಂಗಳೂರಿಗೆ ಹೋಗಿ ಬರೋನು. ಈ ವಸ್ತು ಇರೋದೇ ನನ್ನಂಥವರಿಗೆ."

"ನಿನ್ನಂಥವರಿಗಾ? ಅದಕ್ಕೇ ನನ್ನ ಮಾರಿಯೋ ಕಾರ್ಟ್ ಕಾರ್ಡು ನಿನ್ನ ಜೊತೆ ಬೆಂಗಳೂರಿಗೆ ಹೋಯಿತು ಅನ್ನು."

ಈ ಕಾರ್ಡಿನ ವಿಷಯ ಸ್ವಲ್ಪ ಹೇಳಬೇಕು. ಮೂರು ವರ್ಷದ ಹಿಂದೆ ನಾಗೇಶನ ಮನೆಯಲ್ಲಿ ಒಂದು ಗೇಮ್ ಕಾರ್ಡು ಕಳೆಯಿತು. ಅಂಚೆ ಚೀಟಿಗಿಂತ ತುಸು ದಪ್ಪ, ಅಷ್ಟೇ ಅಗಲ. ಅವತ್ತು ಮನೆಯಲ್ಲಿದ್ದ ಹೊರಗಿನವನು ಸೀನ ಒಬ್ಬನೇ. ನಾಗೇಶ ನೇರವಾಗಿ ಯಾವತ್ತೂ ಕೇಳಿಲ್ಲ, ಆದರೆ ಹವಾಮಾನದ ಬಗ್ಗೆ ಮಾತಾಡಿದರೂ ಕೊನೆಗೆ ಆ ಕಾರ್ಡಿಗೆ ಬಂದು ನಿಲ್ಲುತ್ತಾನೆ.

ಜಪಾನಿನ ಗೇಮ್ ಕಂಪನಿ ನಿಂಟೆಂಡೊದವರು ಈ ಸ್ವಿಚ್ ಬಿಟ್ಟಿದ್ದು 2017ರ ಮಾರ್ಚ್ 3ಕ್ಕೆ. ಡಾಕ್‌ನಲ್ಲಿ ಇಟ್ಟರೆ ಟಿವಿಯಲ್ಲಿ ಆಟ, ಎತ್ತಿಕೊಂಡರೆ ಕೈಯಲ್ಲಿ ಆಟ, ಅಲ್ಲಿ ಬಿಟ್ಟ ಜಾಗದಿಂದಲೇ ಇಲ್ಲಿ ಮುಂದುವರಿಯುತ್ತೆ. ನಮ್ಮಲ್ಲಿ ಅಂಗಡಿಗೆ ಸರಿಯಾದ ದಾರಿಯಲ್ಲಿ ಬರಲೇ ಇಲ್ಲ, ಹಾಗಾಗಿ ನಾಗೇಶನದ್ದು 2022ರಲ್ಲಿ ಅವನ ಭಾವಮೈದ ಡಲ್ಲಾಸ್‌ನಿಂದ ಸೂಟ್‌ಕೇಸಿನಲ್ಲಿ ಒಳಬನಿಯನ್ನಿನ ಮಧ್ಯೆ ಸುತ್ತಿ ತಂದಿದ್ದು. 7 ಇಂಚಿನ ಒಎಲ್‌ಇಡಿ ಪರದೆಯದು. ಅಮೆರಿಕದ ಚಪ್ಪಟೆ ಪಿನ್ನು ನಮ್ಮ ಸಾಕೆಟ್ಟಿಗೆ ಹೋಗಲ್ಲ ಅಂತ ಒಂದು ಕನ್ವರ್ಟರ್ ಸಿಕ್ಕಿಸಿದ್ದಾನೆ. ಅದು ಅಲ್ಲಾಡುತ್ತೆ. ಅಲ್ಲಾಡದಿರಲಿ ಅಂತ ಕೆಳಗೆ ಮದುವೆ ಕರೆಯೋಲೆ ಒಂದನ್ನು ಮಡಚಿ ಒತ್ತು ಕೊಟ್ಟಿದ್ದಾನೆ.

"ಲೆಕ್ಕ ಕೇಳು" ಎಂದ ಸೀನ, ಆಟ ನಿಲ್ಲಿಸದೆ. "2019ರಲ್ಲಿ ಅವರೇ ಈ ಲೈಟ್ ಮಾಡಿದರು. 5.5 ಇಂಚು, 275 ಗ್ರಾಂ. ಇದನ್ನು ಟಿವಿಗೆ ಹಾಕೋಕೆ ಆಗೋದೇ ಇಲ್ಲ. ಆದರೂ 2 ಕೋಟಿಗಿಂತ ಜಾಸ್ತಿ ಹೋಯಿತು. ಈಗ ನೀನು ಹೇಳು, ಬರೀ ಟಿವಿಗೆ ಮಾತ್ರ ಅಂತ ಒಂದು ಸ್ವಿಚ್ ಮಾಡಿದರಾ? ಪರದೆ ತೆಗೆದು ಕಮ್ಮಿ ರೇಟಿಗೆ ಕೊಟ್ಟರಾ? ಕೊಡಲಿಲ್ಲ. ಯಾಕೆ? ಕೇಳೋರಿಲ್ಲ."

ನಾಗೇಶ ಒಂದು ಕ್ಷಣ ಬೋಂಡ ಅಗಿದ. ಇದು ಗಟ್ಟಿ ಮಾತು ಅಂತ ನನಗೂ ಅನ್ನಿಸಿತು.

"ಬರೀ ಕೈಯಲ್ಲಿ ಆಡೋದು ಅಷ್ಟು ಚೆನ್ನಾಗಿದ್ದರೆ ಸೋನಿಯವರ ವೀಟಾ ಯಾಕೆ ಮಲಗಿತು? ಎಷ್ಟು ಚೆಂದ ಇತ್ತು ಅದು."

"ನಿಮ್ಮ ಟಿವಿ ಕಡೆಯ ವೀ ಯು, ಸ್ವಿಚ್ಚಿಗಿಂತ ಮೊದಲಿನ ನಿಂಟೆಂಡೊ ಯಂತ್ರ, ಅದು ಎದ್ದು ಓಡಾಡಿತಾ? 2012ರಲ್ಲಿ ಬಂದು, ಒಟ್ಟು ಮಾರಿದ್ದು 1 ಕೋಟಿ 35 ಲಕ್ಷ. ಅದರಲ್ಲೂ ಕೈಗೊಂದು ಪರದೆ ಕೊಟ್ಟಿದ್ದರು. ಆದರೆ ಎದ್ದು ಅಡುಗೆಮನೆಗೆ ಹೋದರೆ ಸಿಗ್ನಲ್ ಹೋಯಿತು. ಹಗ್ಗ ಕಟ್ಟಿದ ಕರು ಅದು."

ಇಷ್ಟು ಹೊತ್ತು ಸುಮ್ಮನೆ ಚಟ್ನಿ ಬಳಿಯುತ್ತಿದ್ದ ಶಂಕರಣ್ಣ ಈಗ ಬಾಯಿ ಹಾಕಿದರು. ಅವರಿಗೆ ಐವತ್ತು ದಾಟಿದೆ, ವೀಡಿಯೊ ಗೇಮ್ ಅಂದರೆ ತೊಂಬತ್ತರ ದಶಕದ ಕ್ಯಾಸೆಟ್ ಗೇಮ್ ಮಾತ್ರ ಗೊತ್ತು. "ನಮ್ಮ ಕಾಲದಲ್ಲಿ ಈ ತಲೆನೋವೇ ಇರಲಿಲ್ಲ ಕಣ್ರಪ್ಪಾ. ಟಿವಿಗೆ ಹಾಕೋದು ಒಂದು, ಕ್ಯಾಸೆಟ್ ಬಾಯಿಗೆ ಉಫ್ ಅಂತ ಊದಿ ತುರುಕೋದು, ಅದರ ಮೇಲೆ 9999 ಗೇಮ್ ಅಂತ ಬರೆದಿರೋದು, ಒಳಗೆ ಇರೋದು ಆರೋ ಏಳೋ. ಕೈಯಲ್ಲಿ ಆಡೋದು ಇನ್ನೊಂದು, ಇಟ್ಟಿಗೆ ಜೋಡಿಸೋ ಬ್ರಿಕ್ ಗೇಮ್. ಅದಕ್ಕೆ ಪೆನ್ಸಿಲ್ ಸೆಲ್ ಹಾಕಬೇಕು, ಸೆಲ್ಲು ಅಪ್ಪನ ರೇಡಿಯೋದಿಂದ ಕದೀಬೇಕು. ಎರಡನ್ನೂ ಒಂದರಲ್ಲೇ ಮಾಡಬಹುದು ಅಂತ ಯಾರಿಗೂ ಹೊಳೆಯಲಿಲ್ಲವಾ ಆಗ?"

"ಹೊಳೆದಿತ್ತು" ಎಂದ ಸೀನ. ಸೀನನಿಗೆ ಇಂಥ ಪ್ರಶ್ನೆ ಕೇಳಬಾರದು. "1995ರಲ್ಲೇ ಸೆಗಾದವರು ಅಮೆರಿಕದಲ್ಲಿ ನೊಮ್ಯಾಡ್ ಅಂತ ಬಿಟ್ಟರು. ಮನೆಯಲ್ಲಿ ಟಿವಿಗೆ ಹಾಕೋ ಅವರ ಜೆನೆಸಿಸ್ ಯಂತ್ರದ ಕ್ಯಾಸೆಟ್ಟನ್ನೇ ಕೈಯಲ್ಲಿ ಆಡಬಹುದು, ಬೇಕಾದರೆ ಟಿವಿಗೂ ಚುಚ್ಚಬಹುದು. ಆದರೆ ಆರು ಪೆನ್ಸಿಲ್ ಸೆಲ್ ಬೇಕು, ಅದೂ ಒಂದೆರಡು ಮೂರು ಗಂಟೆಗೆ ಖಾಲಿ."

"ಆರು ಸೆಲ್ಲಾ!" ಶಂಕರಣ್ಣನಿಗೆ ಅಪ್ಪನ ರೇಡಿಯೋ ನೆನಪಾಗಿ ಮೈ ನಡುಗಿತು. "ಅಷ್ಟು ಸೆಲ್ಲಿಗೆ ಇಡೀ ಬೀದಿಯ ರೇಡಿಯೋ ಬಿಚ್ಚಬೇಕಿತ್ತು."

ನಾಗೇಶ ಎದ್ದು ಟಿವಿ ಹಾಕಿದ. ಮಾತಿನಲ್ಲಿ ಸೋತವನು ತೋರಿಸಿ ಗೆಲ್ಲುತ್ತಾನಂತೆ. ಜೆಲ್ಡಾ ಶುರು ಮಾಡಿದ, ಬ್ರೆತ್ ಆಫ್ ದಿ ವೈಲ್ಡ್. ಹುಲ್ಲುಗಾವಲು, ದೂರದಲ್ಲಿ ಬೆಟ್ಟ, ಗಾಳಿ. "ನೋಡು, ಈ ಬಯಲನ್ನು 5 ಇಂಚಿನಲ್ಲಿ ನೋಡ್ತೀಯಾ? ಚಾಮುಂಡಿ ಬೆಟ್ಟವನ್ನು ಪಾಸ್‌ಪೋರ್ಟ್ ಫೋಟೋದಲ್ಲಿ ನೋಡಿದ ಹಾಗೆ. ಟಿವಿಗೆ ಹಾಕಿದರೆ ಅದರ ಶಕ್ತಿಯೇ ಬೇರೆ, ಆ ಡಾಕ್ ಒಳಗೆ ಇನ್ನೊಂದು ಪ್ರೊಸೆಸರ್ ಇದೆ."

"ಏನೂ ಇಲ್ಲ. ಡಾಕು ಅಂದರೆ ವೈರು ಸಿಕ್ಕಿಸೋ ಪ್ಲಾಸ್ಟಿಕ್ ಡಬ್ಬ. ಕರೆಂಟು ಸಿಕ್ಕಿತಲ್ಲ ಅಂತ ಇದೇ ಚಿಪ್ಪು ಜೋರಾಗಿ ಓಡುತ್ತೆ, ಅಷ್ಟೇ. ಕೈಯಲ್ಲಿದ್ದಾಗ ಬ್ಯಾಟರಿ ಉಳಿಸೋಕೆ ಅರ್ಧ ವೇಗಕ್ಕೆ ಇಳಿಯುತ್ತೆ."

ನಾಗೇಶ ಎರಡು ವರ್ಷದಿಂದ ಆ ಡಾಕನ್ನು ಮೃದು ಬಟ್ಟೆಯಲ್ಲಿ ಒರೆಸುತ್ತಾ ಬಂದವನು. ಅವನ ಮುಖ ನೋಡಿ ನನಗೇ ಅಯ್ಯೋ ಅನ್ನಿಸಿತು.

"ಇನ್ನೊಂದು ಕೇಳು" ಸೀನ ಬಿಡಲಿಲ್ಲ. "ಇದೇ ಜೆಲ್ಡಾ 2017ರಲ್ಲಿ ಬಂದ ಹೊಸದರಲ್ಲಿ ಟಿವಿಯಲ್ಲೇ ಜಾಸ್ತಿ ತಡವರಿಸುತ್ತಿತ್ತು. ಟಿವಿಗೆ 900 ಗೆರೆಯ ಚಿತ್ರ ಬಿಡಿಸಬೇಕು, ಕೈಗೆ 720 ಸಾಕು. ಕೈಯಲ್ಲಿ ನೀರು ಹರಿದ ಹಾಗೆ ಹೋಗುತ್ತಿತ್ತು. ಆಮೇಲೆ ಅಪ್‌ಡೇಟ್ ಕೊಟ್ಟು ಸರಿ ಮಾಡಿದರು. ನಿನ್ನ ಟಿವಿ 4ಕೆ, ಚಿತ್ರ ಬರೋದು ಅಷ್ಟರಲ್ಲಿ ಕಾಲು ಭಾಗವೂ ಇಲ್ಲ. ಹಿಟ್ಟು ಒಂದೇ ಸೌಟು, ಕಾವಲಿ ಮಾತ್ರ ದೊಡ್ಡದು. ಹರಡಿದರೆ ತೂತು ಬೀಳುತ್ತೆ."

ಅಷ್ಟರಲ್ಲಿ ನಾಗೇಶನ ಅಮ್ಮ ಒಳಗಿಂದ ಬಂದರು. ಏನೂ ಮಾತಾಡಲಿಲ್ಲ. ರಿಮೋಟ್ ತೆಗೆದುಕೊಂಡರು, ಜೆಲ್ಡಾದ ಬೆಟ್ಟ ಮಾಯವಾಯಿತು, ಒಬ್ಬ ಅತ್ತೆ ಒಬ್ಬ ಸೊಸೆಯನ್ನು ಮೂರು ಕೋನದಿಂದ ದುರುಗುಟ್ಟಿ ನೋಡುತ್ತಿದ್ದಳು. ಧಾರಾವಾಹಿಯ ಹೊತ್ತು.

ನಾಗೇಶ ಮೆಲ್ಲಗೆ ಎದ್ದು, ಡಾಕ್‌ನಿಂದ ಸ್ವಿಚ್ಚನ್ನು ಎತ್ತಿ, ಪಕ್ಕಕ್ಕೆ ಬಂದು ಕೂತ. ಪರದೆ ಹೊತ್ತಿಕೊಂಡಿತು. ಅದೇ ಹುಲ್ಲು, ಅದೇ ಬೆಟ್ಟ, ನಿಂತ ಜಾಗದಲ್ಲೇ. ಟಿವಿ ಪಕ್ಷದ ನಾಯಕ ರೆಸಾರ್ಟಿಗೂ ಹೋಗದೆ ಪಕ್ಷಾಂತರ ಮಾಡಿದ್ದನ್ನು ನಾವು ಮೂವರೂ ಕಣ್ಣಾರೆ ನೋಡಿದೆವು.

"ಇದು ತಾತ್ಕಾಲಿಕ" ಎಂದ.

"ಎಲ್ಲರೂ ಹಾಗೇ ಅನ್ನೋದು" ಎಂದರು ಶಂಕರಣ್ಣ.

ಲತಾ ಎರಡನೇ ಸುತ್ತಿನ ಬೋಂಡ ತಂದು ಇಟ್ಟಳು. ನಾಗೇಶನ ಹೆಂಡತಿ ಕಡಿಮೆ ಮಾತಿನವಳು, ಆದರೆ ಹೊಡೆದರೆ ಬೌಂಡರಿ. "ರೀ, ಅದನ್ನು ಇಲ್ಲಿ ಕೊಡಿ" ಅಂತ ಸ್ವಿಚ್ ಇಸಿದುಕೊಂಡು ಏನೇನೋ ಒತ್ತಿ ಪ್ರೊಫೈಲ್ ತೆಗೆದಳು. ಯಾರು ಯಾವ ಆಟ ಎಷ್ಟು ಗಂಟೆ ಆಡಿದ್ದಾರೆ ಅಂತ ಅದರಲ್ಲಿ ಬರುತ್ತೆ. ನಾಗೇಶನ ಜೆಲ್ಡಾ: 15 ಗಂಟೆ, ಮೂರು ವರ್ಷದಲ್ಲಿ. ಲತಾಳ ಅನಿಮಲ್ ಕ್ರಾಸಿಂಗ್: 340 ಗಂಟೆ.

ಕೋಣೆಯಲ್ಲಿ ಧಾರಾವಾಹಿಯ ಡಂ ಡಂ ಬಿಟ್ಟು ಬೇರೆ ಸದ್ದಿಲ್ಲ.

"ಯಾವಾಗ ಆಡಿದೆ?" ಎಂದ ನಾಗೇಶ.

"ನೀವು ಗೊರಕೆ ಹೊಡೆಯುವಾಗ. ಮಂಚದ ಮೇಲೆ, ಬೆಳಕು ಕಮ್ಮಿ ಮಾಡಿಕೊಂಡು. ಬೆಳಿಗ್ಗೆ ಡಾಕ್‌ನಲ್ಲಿ ಇಟ್ಟುಬಿಡುತ್ತೇನೆ, ನೀವು ಒರೆಸುತ್ತೀರಿ."

"ಅತ್ತಿಗೆ ನಮ್ಮ ಕಡೆ!" ಸೀನ ಕುಣಿದ.

"ಯಾರ ಕಡೆಯೂ ಅಲ್ಲ ಸೀನು, ಸುಮ್ನಿರಿ. ಕೈಯಲ್ಲಿ ಆಡೋ ಯಂತ್ರ ಅಂತ ಮಾತ್ರ ಹೇಳಿದ್ದರೆ ನಾನು ಅಣ್ಣನಿಗೆ ತಾ ಅಂತ ಹೇಳುತ್ತಲೇ ಇರಲಿಲ್ಲ, ಫೋನ್ ಇದೆಯಲ್ಲ. ಟಿವಿಗೂ ಆಗುತ್ತೆ, ಮನೆಯವರೆಲ್ಲ ಆಡಬಹುದು ಅಂದ ಮೇಲೆ ಒಪ್ಪಿದ್ದು. ಕೊಳ್ಳೋವಾಗ ಎಲ್ಲರೂ ಟಿವಿ ಕಡೆ, ಆಡೋವಾಗ ಎಲ್ಲರೂ ಕೈ ಕಡೆ. ಈ ಸೋಫಾ ಕಮ್ ಬೆಡ್ ಥರ. ನೆಂಟರು ಬಂದರೆ ಮಲಗೋಕಾಗುತ್ತೆ ಅಂತ ತಂದಿದ್ದು. ಗೃಹಪ್ರವೇಶ ಆದಮೇಲೆ ಬೆಡ್ ಆಗಿದ್ದು ಎಷ್ಟು ಸಲ, ಕೇಳಿ ಇವರನ್ನ."

ಕೊಳ್ಳೋದು ಒಂದು ಕಾರಣಕ್ಕೆ, ಬಳಸೋದು ಇನ್ನೊಂದಕ್ಕೆ. ನಮ್ಮ ಮನೆಯಲ್ಲಿ ವ್ಯಾಯಾಮದ ಸೈಕಲ್ ಮೇಲೆ ಟವೆಲ್ ಒಣಗುತ್ತೆ, ಹಾಗಾಗಿ ಈ ಮಾತು ನನಗೆ ಥಟ್ಟನೆ ತಲೆಗೆ ಹೋಯಿತು. ಸ್ವಿಚ್ ಬಂದ ಮೊದಲ ವರ್ಷವೇ ನಿಂಟೆಂಡೊದವರು ಜನ ಹೇಗೆ ಆಡುತ್ತಾರೆ ಅಂತ ಲೆಕ್ಕ ತೋರಿಸಿದ್ದರು. ಅರ್ಧದಷ್ಟು ಮಂದಿ ಎರಡೂ ಥರ. ಉಳಿದವರಲ್ಲಿ ಕೈಯವರು ಟಿವಿಯವರಿಗಿಂತ ಜಾಸ್ತಿ. ನಾನು ಇದನ್ನು ಹೇಳಿದಾಗ ಇಬ್ಬರೂ ತಾವು ಗೆದ್ದೆವು ಅಂದುಕೊಂಡರು.

ಆದರೆ ನನಗೆ ಇದಕ್ಕಿಂತ ರುಚಿಯಾದ ವಿಷಯ ಅಡುಗೆಮನೆಯದು. ನಿಂಟೆಂಡೊದಲ್ಲಿ ಮೊದಲು ಎರಡು ಒಲೆ. ಟಿವಿ ಯಂತ್ರ ಮಾಡುವವರು ಬೇರೆ, ಕೈ ಯಂತ್ರ ಮಾಡುವವರು ಬೇರೆ, ಆಟಗಳೂ ಬೇರೆ ಬೇರೆ ಬೇಯಬೇಕು. ಕೈ ಕಡೆ ಡಿಎಸ್ 15 ಕೋಟಿ ದಾಟಿ ಮಾರಿದ ಮೇಲೆ ಬಂದ 3ಡಿಎಸ್ ಅದರ ಅರ್ಧಕ್ಕೇ ನಿಂತಿತು, ಜನರ ಜೇಬಿಗೆ ಫೋನ್ ಬಂದಿತ್ತು. ಟಿವಿ ಕಡೆ ವೀ ಯು ಪಾಡು ಸೀನ ಹೇಳಿದ. 2013ರಲ್ಲಿ ಎರಡೂ ಯಂತ್ರ ವಿಭಾಗ ಸೇರಿಸಿ ಒಂದೇ ಮಾಡಿದರು. ಬೇರೆ ಹೋಗಿದ್ದ ಅಣ್ಣತಮ್ಮಂದಿರು ಮತ್ತೆ ಒಂದೇ ಒಲೆ ಹೊತ್ತಿಸಿದ ಹಾಗೆ. ಮಾರಿಯೋ ಕಾರ್ಟ್ 8 ಅನ್ನೇ ನೋಡಿ, ವೀ ಯುನಲ್ಲಿ 84 ಲಕ್ಷದಷ್ಟು ಹೋಯಿತು. ಅದನ್ನೇ ಸ್ವಲ್ಪ ಒಗ್ಗರಣೆ ಹಾಕಿ ಸ್ವಿಚ್‌ನಲ್ಲಿ ಬಡಿಸಿದರು, 6 ಕೋಟಿ ದಾಟಿತು.

"ಅದರಲ್ಲಿ ಒಂದು ನನ್ನದು" ಎಂದ ನಾಗೇಶ, ಸೀನನನ್ನು ನೋಡುತ್ತಾ.

"ನೋಡು, ಜಪಾನಿನಲ್ಲಿ ಇದ್ದಿದ್ದರೆ ನನಗೆ ಈ ಮಾತು ಕೇಳೋ ಕರ್ಮ ಇರುತ್ತಿರಲಿಲ್ಲ" ಸೀನ ಹಲುಬಿದ. "ಅಲ್ಲಿ ರೈಲಿನಲ್ಲಿ ಎಲ್ಲರೂ ತಮ್ಮ ಪಾಡಿಗೆ ಆಡುತ್ತಾರೆ. ನಮ್ಮಲ್ಲಿ ಶ್ರೀರಂಗಪಟ್ಟಣ ಬರುವಷ್ಟರಲ್ಲಿ ಪಕ್ಕದವರು ಇಣುಕಿ, ಎಷ್ಟಾಯಿತು ಇದಕ್ಕೆ ಅಂತಾರೆ. ನಿಜ ಹೇಳಿದರೆ ಬಯ್ತಾರೆ ಅಂತ 2 ಸಾವಿರ ಅಂತೀನಿ. ಮಂಡ್ಯದಲ್ಲಿ ಅವರು, ನಮ್ಮ ಹುಡುಗನಿಗೂ ಒಂದು ತರಿಸಿಕೊಡಿ ಅಂತಾರೆ. ಮದ್ದೂರಿನಲ್ಲಿ ವಡೆ ತಿಂದ ಬೆರಳಲ್ಲೇ ಪರದೆ ಮುಟ್ಟಿ ನೋಡ್ತಾರೆ. ಚನ್ನಪಟ್ಟಣದಿಂದ ಬೆಂಗಳೂರಿನವರೆಗೂ ಒರೆಸೋದೇ ನನ್ನ ಆಟ."

"ಹೊಸ ಸ್ವಿಚ್ 2 ತಗೋ, ಪರದೆ ಇನ್ನೂ ದೊಡ್ಡದು" ಎಂದ ನಾಗೇಶ. 2025ರ ಜೂನ್ 5ಕ್ಕೆ ಬಂದದ್ದು ಅದು. 7.9 ಇಂಚು, ಟಿವಿಗೆ 4ಕೆ, ಡಾಕ್ ಒಳಗೆ ಫ್ಯಾನು. ಫ್ಯಾನು ಅಂದಾಗ ನಾಗೇಶನ ಮುಖದಲ್ಲಿ ಕಳೆ ಬಂತು, ಅವನ ದೇವರ ಗೂಡಿನೊಳಗೆ ಕೊನೆಗೂ ಏನೋ ಇದೆ. "ಅರ್ಧ ಕೆಜಿ ಮೀರಿದೆ ಅದು" ಎಂದ ಸೀನ. "ನನ್ನ ಲೈಟ್‌ಗಿಂತ ಹೆಚ್ಚು ಕಮ್ಮಿ ಎರಡರಷ್ಟು. ದೊಡ್ಡ ಆಟ ಹಾಕಿದರೆ ಬ್ಯಾಟರಿ ಎರಡೇ ಗಂಟೆಗೆ ಸುಸ್ತು, ಬಿಡದಿಯಲ್ಲೇ ಇಳಿದುಬಿಡುತ್ತೆ. ಅದು ನಿನ್ನ ಪಕ್ಷಕ್ಕೇ ಇರಲಿ." ಇಲ್ಲಿ ಮಾತ್ರ ನಾನು ನಾಗೇಶನಿಗೆ ಒಂದು ಅಂಕ ಕೊಟ್ಟೆ.

ಶಂಕರಣ್ಣನ ತಲೆಯಲ್ಲಿ ಇನ್ನೂ ಸೋಫಾ ಕೂತಿತ್ತು. "ಇದು ನಿಜವಾಗಲೂ ಬೆಡ್ ಆಗುತ್ತಾ?" ಎಂದರು.

"ಆಗುತ್ತೆ" ನಾಗೇಶನಿಗೆ ರೋಷ ಬಂತು. ಎಲ್ಲರನ್ನೂ ಎಬ್ಬಿಸಿದ. ಕೆಳಗಿನ ಪಟ್ಟಿ ಹಿಡಿದು ಎಳೆದ. ಬರಲಿಲ್ಲ. ಸೀನ ಕೈ ಹಾಕಿದ, ನಾನೂ ಹಾಕಿದೆ. "ಸ್ವಲ್ಪ ಈ ಕಡೆ ಎಳೀರಪ್ಪಾ, ಕಾಣಲ್ಲ" ಎಂದರು ಅಮ್ಮ, ಧಾರಾವಾಹಿಯಿಂದ ಕಣ್ಣು ತೆಗೆಯದೆ. ಒಮ್ಮೆಲೇ ಲಟಕ್ ಅಂತ ಬಿಟ್ಟುಕೊಂಡಿತು, ನಾಗೇಶ ನೆಲಕ್ಕೆ ಕೂತ. ಒಳಗೆ ಕಡಲೆಬೀಜದ ಸಿಪ್ಪೆ, ಎರಡು ಬಾಚಣಿಗೆ, ಯಾರದೋ ಒಂದು ಕಾಲುಚೀಲ. ಕಾಲುಚೀಲದ ಪಕ್ಕ ಒಂದು ಪುಟ್ಟ ಕಪ್ಪು ಕಾರ್ಡು. ಮೇಲಿದ್ದ ಚೀಟಿ ತೇವ ತಾಗಿಯೋ ಏನೋ ಅಳಿಸಿಹೋಗಿತ್ತು.

"ಇದು ಅದೇನಾ? ಕ್ಯಾಮೆರಾದ ಮೆಮರಿ ಕಾರ್ಡ್ ಇರಬಹುದು" ಎಂದ ನಾಗೇಶ, ಬಹಳ ಆಸೆಯಿಂದ.

"ನೆಕ್ಕಿ ನೋಡು" ಎಂದ ಸೀನ.

ಸುಮ್ನೆ ಹೇಳಿದ್ದಲ್ಲ. ಮಕ್ಕಳು ನುಂಗದಿರಲಿ ಅಂತ ಸ್ವಿಚ್ ಕಾರ್ಡುಗಳಿಗೆ ಡೆನಟೋನಿಯಮ್ ಬೆಂಜೋಯೇಟ್ ಅನ್ನೋ ಕಹಿ ಬಳಿದಿರುತ್ತಾರೆ, ಹಾಗಲಕಾಯಿ ಅದರ ಮುಂದೆ ಜಾಮೂನು. ಮೂರು ವರ್ಷದ ಅಪವಾದ ಹೊತ್ತವನು ಸೊಂಟಕ್ಕೆ ಕೈಯಿಟ್ಟು ನಿಂತಿದ್ದಾನೆ, ಹೆಂಡತಿ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದಾಳೆ. ನಾಗೇಶ ಕಾರ್ಡನ್ನು ಪಂಚೆಗೆ ಒರೆಸಿ, ನಾಲಿಗೆಯ ತುದಿಗೆ ಮುಟ್ಟಿಸಿದ. ಮುಖ ಹಿಂಡಿದ ನಿಂಬೆಹಣ್ಣಾಯಿತು. ಸಿಂಕಿನ ಕಡೆ ಓಡಿದ.

ಸೀನ ಕಾರ್ಡನ್ನು ಎತ್ತಿ ತನ್ನ ಲೈಟಿಗೆ ಹಾಕಿದ. ಮಾರಿಯೋ ಕಾರ್ಟ್ ಹಾಡು ಬಂತು. ಬಾಯಿ ಮುಕ್ಕಳಿಸಿ ಬಂದ ನಾಗೇಶ, "ಕೊಡೋ, ಟಿವಿಗೆ ಹಾಕೋಣ, ನಾಲ್ಕೂ ಜನ ಆಡೋಣ" ಎಂದ.

"ಲೈಟು ಟಿವಿಗೆ ಹೋಗಲ್ಲ" ಎಂದ ಸೀನ, ಪರದೆಯಿಂದ ಕಣ್ಣೆತ್ತದೆ.

ಸೋಫಾವನ್ನು ಮತ್ತೆ ಮಡಚಲು ಅರ್ಧ ಗಂಟೆ ಒದ್ದಾಡಿದೆವು, ಆಗಲಿಲ್ಲ. ಕೊನೆಗೆ ನಾಲ್ವರೂ ಅದರ ಮೇಲೆ ಕಾಲು ಚಾಚಿ ಸಾಲಾಗಿ ಮಲಗಿ, ಸೊಸೆಗೆ ಇವತ್ತಾದರೂ ಸತ್ಯ ಗೊತ್ತಾಗುತ್ತಾ ಅಂತ ಅಮ್ಮನ ಧಾರಾವಾಹಿ ನೋಡಿದೆವು. ಗೊತ್ತಾಗಲಿಲ್ಲ.